ಕೊಯಿ ಮರಿ ದೊಡ್ಡದಾದ ಮೇಲೆ ಹೇಗಿರುತ್ತದೆ? ಈಗಲೇ ಗುರುತಿಸುವ ಬಗೆ

ಜಪಾನಿನ ನೀಗಾಟಾ ಪ್ರಾಂತ್ಯದ ಯಮಕೋಶಿ, ಒಜಿಯಾ ಕಡೆಯ ಕೊಯಿ (ಕೊಳಗಳಲ್ಲಿ ಅಂದಕ್ಕೆ ಸಾಕುವ ಬಣ್ಣದ ಮೀನು) ಸಾಕಣೆದಾರರು ಬೇಸಿಗೆಯ ಮೊದಲಿಗೆ ಹುಟ್ಟಿದ ಮರಿಗಳನ್ನು ಶರತ್ಕಾಲದಲ್ಲಿ ಮಣ್ಣಿನ ಹೊಂಡದಿಂದ ಎತ್ತುವಷ್ಟರಲ್ಲಿ ಹಲವು ಸುತ್ತು ಆರಿಸಿ, ಬಹುಪಾಲನ್ನು ಕೈಬಿಟ್ಟಿರುತ್ತಾರೆ. ಹೀಗೆ ಉಳಿದ ಮೊದಲ ವರ್ಷದ ಮರಿಯೇ ‘ತೊಸಾಯಿ’. ಅಂಗಡಿಯಲ್ಲಿ ಕಣ್ಣು ಕುಕ್ಕುವ ತೊಸಾಯಿ ಮೂರನೇ ವರ್ಷಕ್ಕೆ ಸಪ್ಪೆಯಾಗುವುದು, ಮಂಕಾಗಿದ್ದದ್ದು ಅರಳುವುದು ಎರಡೂ ಮಾಮೂಲಿ. ಹಾಗಾಗಿ ಮರಿಯಲ್ಲಿ ಹುಡುಕಬೇಕಾದದ್ದು ಇನ್ನೂ ಬೆಳೆಯಲು ಏನು ಉಳಿದಿದೆ ಎಂಬುದನ್ನು.

ನೋಡುವ ಮೊದಲು

ಹಿಂದಿನ ದಿನ ಆಹಾರ ನಿಲ್ಲಿಸಿ. ಹೊಟ್ಟೆ ತುಂಬಿದ್ದರೆ ಮೈಯ ಆಕಾರ ಮೋಸ ಮಾಡುತ್ತದೆ. ನೀಲಿ ದುಂಡು ಟಬ್‌ಗೆ ಅದೇ ಕೊಳದ ನೀರನ್ನು 15–20 ಸೆಂ.ಮೀ. ತುಂಬಿ, ನೆರಳಿನ ಹಗಲು ಬೆಳಕಿನಲ್ಲಿಡಿ. ಮೀನನ್ನು ಬಲೆಯಲ್ಲಿ ಮೇಲೆತ್ತಬೇಡಿ, ನೀರಿನೊಳಗೇ ಟಬ್‌ಗೆ ಸಾಗಿಸಿ. ಹೆದರಿದ ಮೀನಿನ ಬಿಳುಪಿನಲ್ಲಿ ಕೆಂಪು ನರಗಳು ಏಳುತ್ತವೆ, ಅದು ಇಳಿಯುವವರೆಗೆ ಕಾಯಿರಿ. ಬಿಳಿ ಟಬ್ ಬೇಡವೇ ಬೇಡ: ತಿಳಿ ಹಿನ್ನೆಲೆಯಲ್ಲಿ ಕಪ್ಪು ಬಣ್ಣ ಮಸುಕಾಗುತ್ತದೆ.

ಮೊದಲು ಮೈಕಟ್ಟು

ಮೇಲಿನಿಂದ ನೋಡಿ. ತಲೆ ಅಗಲವಾಗಿ, ಬಾಯಿ ದಪ್ಪವಾಗಿ, ಬಾಲದ ಬುಡ ಗಟ್ಟಿಯಾಗಿರಬೇಕು. ಭುಜದಿಂದ ಬಾಲದವರೆಗೆ ಮೈ ಸರಾಗವಾಗಿ ಕಿರಿದಾಗಬೇಕು. ಬಾಲದ ಬುಡ ತೆಳ್ಳಗಿದ್ದು ಹೊಟ್ಟೆ ಮಾತ್ರ ಉಬ್ಬಿದ್ದರೆ ಅದು ಹೆಚ್ಚು ತಿನ್ನಿಸಿದ ಗುರುತು, ಬೆಳವಣಿಗೆಯದಲ್ಲ. ಬೆನ್ನು ಡೊಂಕು, ಸೊಟ್ಟ ಬಾಯಿ, ಗಿಡ್ಡ ಕಿವಿರು ಮುಚ್ಚಳ ಎಂದೂ ಸರಿಹೋಗುವುದಿಲ್ಲ; ಬಣ್ಣ ಎಷ್ಟೇ ಚೆನ್ನಾಗಿರಲಿ, ಅಂಥದ್ದನ್ನು ಬಿಡಿ. ಸಾಮಾನ್ಯವಾಗಿ ಹೆಣ್ಣು ಹೆಚ್ಚು ದೊಡ್ಡದಾಗುತ್ತದೆ, ಅದರ ಬಣ್ಣ ತಡವಾಗಿ ಮಾಗುತ್ತದೆ. ಗಂಡಿನ ಬಣ್ಣ ಬೇಗ ತುಂಬುತ್ತದೆ. ಮೊದಲ ವರ್ಷವೇ ಎಲ್ಲ ಬಣ್ಣವೂ ಮುಗಿದಂತಿರುವ ಸಪೂರ ಮರಿ ಗಂಡಾಗಿರುವ ಸಾಧ್ಯತೆ ಹೆಚ್ಚು.

ಕೆಂಪಿನ ಅಂಚು

ಕೊಹಾಕು ಎಂಬ ಕೆಂಪು-ಬಿಳಿ ತಳಿಯಲ್ಲಿ ಇದೇ ಮುಖ್ಯ ಪರೀಕ್ಷೆ. ಕೊಯಿಗೆ ಹುರುಪೆಗಳ ಸಂಖ್ಯೆ ಹೆಚ್ಚುವುದಿಲ್ಲ, ಇದ್ದ ಹುರುಪೆಗಳೇ ದೊಡ್ಡದಾಗುತ್ತವೆ. 15 ಸೆಂ.ಮೀ. ಮೈಯ ಕೆಂಪು 60 ಸೆಂ.ಮೀ.ಗೆ ಹಿಗ್ಗಬೇಕು. ತೆಳುವಾಗಿದ್ದರೆ ಅಲ್ಲಲ್ಲಿ ಕಿಟಕಿ ತೆರೆದಂತೆ ಬಿಳುಪು ಇಣುಕುತ್ತದೆ. ಆದ್ದರಿಂದ ಈಗಲೇ ರಕ್ತಗೆಂಪಾಗಿರುವುದಕ್ಕಿಂತ, ದಪ್ಪವಾಗಿ, ತಲೆಯಿಂದ ಬಾಲದವರೆಗೆ ಒಂದೇ ಸಮನಾಗಿರುವ ಕಿತ್ತಳೆ ಛಾಯೆಯೇ ಭರವಸೆಯದು.

ಹುರುಪೆಗಳು ಹೆಂಚಿನಂತೆ ಒಂದರ ಮೇಲೊಂದು ಕೂತಿರುತ್ತವೆ. ಕೆಂಪು ಮಚ್ಚೆಯ ತಲೆ ಕಡೆಯ ಅಂಚಿನಲ್ಲಿ ಬಿಳಿ ಹುರುಪೆ ಕೆಂಪನ್ನು ಮುಚ್ಚುವುದರಿಂದ ಅಲ್ಲಿ ನಸುಗೆಂಪು ನೆರಳು ಕಾಣುತ್ತದೆ. ಅದು ಒಂದು ಸಾಲು ಹುರುಪೆಯಷ್ಟಿದ್ದರೆ ಸಹಜ, ಚರ್ಮ ದಪ್ಪವಾದಂತೆ ಮಾಯವಾಗುತ್ತದೆ. ಎರಡು-ಮೂರು ಸಾಲು ಹರಡಿದ್ದರೆ ಅನುಮಾನಿಸಿ. ಬಾಲದ ಕಡೆಯ ಅಂಚು ಮಾತ್ರ ಈಗಲೇ ಕತ್ತರಿಸಿದಂತಿರಬೇಕು. ಅಲ್ಲಿ ಮಸುಕಿದ್ದರೆ ಮುಂದೆಯೂ ತಿದ್ದಿಕೊಳ್ಳುವುದು ಕಷ್ಟ. ಬಿಳುಪು ಹಾಲಿನಂತಿದ್ದರೆ ಚೆನ್ನು. ಎಳೆಯ ಮರಿಯ ತಲೆಯಲ್ಲಿ ತುಸು ಹಳದಿ ಇದ್ದರೆ ಗಾಬರಿ ಬೇಡ, ಅದು ಅನೇಕ ಸಲ ತಿಳಿಯಾಗುತ್ತದೆ.

ಕಪ್ಪು

ಸಾಂಕೆ (ಬಿಳಿ ಮೈ ಮೇಲೆ ಕೆಂಪು, ಕಪ್ಪು), ಶೋವಾ (ಕಪ್ಪು ಮೈ ಮೇಲೆ ಕೆಂಪು, ಬಿಳಿ) ತಳಿಗಳಲ್ಲಿ ಚರ್ಮದಡಿ ನೀಲಿ-ಬೂದು ನೆರಳಿದ್ದರೆ ಅದನ್ನು ಕೊರತೆ ಎಂದುಕೊಳ್ಳಬೇಡಿ, ಅದು ಮುಂದೆ ಮೇಲೇಳಬಹುದಾದ ಕಪ್ಪು. ಸಾಂಕೆಯ ತಲೆಯಲ್ಲಿ ಕಪ್ಪು ಇರಬಾರದು, ಶೋವಾದ ತಲೆಯಲ್ಲಿ ಇರಲೇಬೇಕು. ಎಳೆಯ ಶೋವಾದ ಎದೆಯ ಈಜುರೆಕ್ಕೆಗಳು ಪೂರ್ತಿ ಕಪ್ಪಾಗಿದ್ದರೂ ವಯಸ್ಸಾದಂತೆ ಕಪ್ಪು ಬುಡಕ್ಕೆ ಸರಿಯುವುದುಂಟು.

ಮಚ್ಚೆಗಳ ಜೋಡಣೆಯನ್ನು ಕೊನೆಗೆ ನೋಡಿ. ಮರಿಯಲ್ಲಿ ಮುದ್ದಾಗಿರುವ ಸಣ್ಣ ಮಚ್ಚೆಗಳು ದೊಡ್ಡ ಮೈಯಲ್ಲಿ ಬಡವಾಗಿ ಕಾಣುತ್ತವೆ.

ದಾಖಲೆ ಮತ್ತು ಆಹಾರ

ಮೂರು ತಿಂಗಳಿಗೊಮ್ಮೆ ಅದೇ ಟಬ್‌ನಲ್ಲಿ, ಅದೇ ಹೊತ್ತಿನಲ್ಲಿ ಮೇಲಿನಿಂದ ಫೋಟೊ ತೆಗೆದು, ಉದ್ದ ಮತ್ತು ನೀರಿನ ಉಷ್ಣಾಂಶ ಬರೆದಿಡಿ. ನೀರು ತಣ್ಣಗಾದಾಗ ಕಪ್ಪು ಗಾಢವಾಗುವುದರಿಂದ ಉಷ್ಣಾಂಶ ಬರೆಯದ ಫೋಟೊಗಳನ್ನು ಹೋಲಿಸಿ ಪ್ರಯೋಜನವಿಲ್ಲ. ನೀರು ವರ್ಷವಿಡೀ ಬೆಚ್ಚಗಿರುವ ಬೆಂಗಳೂರಿನಂಥಲ್ಲಿ ನೀಗಾಟಾದ ಚಳಿಗಾಲದಲ್ಲಿ ಆಹಾರದಿಂದ ಸಿಗುವಂಥ ಬಿಡುವು ಮರಿಗೆ ಸಿಗುವುದಿಲ್ಲ. ಹಾಗಾಗಿ ಸ್ಪಿರುಲಿನಾ ಪಾಚಿಯಂಥ, ಬಣ್ಣ ಹೆಚ್ಚಿಸುವ ಆಹಾರವನ್ನು ಸತತವಾಗಿ ಹಾಕಬೇಡಿ. ಬಿಳುಪಿಗೆ ಹಳದಿ ಅಥವಾ ನಸುಗೆಂಪು ಏರತೊಡಗಿದರೆ ನಿಲ್ಲಿಸಿ, ಗೋಧಿ ಮೊಳಕೆಯ ಆಹಾರಕ್ಕೆ ಬದಲಿಸಿ.