ಇನ್ನೂರು ಹುಳುಗಳ ಲೆಕ್ಕ

ರಾಮನಗರದ ಬಳಿಯ ರೈತರೊಬ್ಬರ ಹುಳುಮನೆಯಿಂದ ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ, 200 ರೇಷ್ಮೆಹುಳುಗಳನ್ನು ಕೊಂಡು ತಂದಾಗ ನನ್ನ ಕಲಾಪ್ರದರ್ಶನದ ಯೋಜನೆ ಸರಳವಾಗಿತ್ತು. ಹಣ್ಣಾದ, ಅಂದರೆ ನೂಲು ಬಿಡಲು ಸಿದ್ಧವಾದ, ಹುಳುವನ್ನು ಗೂಡು ಕಟ್ಟಲು ಆಸರೆ ಕೊಡುವ ಚಂದ್ರಿಕೆ ಎಂಬ ತಟ್ಟೆಗೆ ಬಿಟ್ಟರೆ ಗೂಡು ಕಟ್ಟುತ್ತದೆ; ಮೂಲೆಯೂ ಆಸರೆಯೂ ಇಲ್ಲದ ಸಮತಟ್ಟು ಹಲಗೆಯ ಮೇಲೆ ಬಿಟ್ಟರೆ ನೂಲನ್ನು ಹಾಳೆಯಂತೆ ಹಾಸುತ್ತದೆ. 2013ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ವಿನ್ಯಾಸಕಿ ನೆರಿ ಆಕ್ಸ್‌ಮನ್ ಅವರ ತಂಡ 6,500 ಹುಳುಗಳಿಂದ ನೇಯಿಸಿದ ರೇಷ್ಮೆ ಮಂಟಪವೇ ನನಗೆ ಪ್ರೇರಣೆ. ನೂಲಿಗಾಗಿ ಗೂಡನ್ನು ಒಳಗಿನ ಜೀವದ ಸಮೇತ ಬೇಯಿಸುವ ಪ್ರಮೇಯವೇ ಇಲ್ಲವಾದ್ದರಿಂದ ಫಲಕದಲ್ಲಿ ‘ಅಹಿಂಸೆಯ ರೇಷ್ಮೆ’ ಎಂದು ಬರೆಸಿದ್ದೆ. ಹುಳು ಕೊಟ್ಟ ಹಿರಿಯರು ಮಾತ್ರ, “ಅಲ್ಲಮ್ಮಾ, ನೂಲು ಬಿಟ್ಟಾದ್ಮೇಲೆ ಹುಳ ಏನ್ ಮಾಡ್ತೀಯಾ?” ಎಂದು ಕೇಳಿದರು. ಚಿಟ್ಟೆಯಾಗಲು ಬಿಡುತ್ತೇನೆ ಎಂದೆ. “ಆಮೇಲೆ?” ಎಂದರು.

ಆ ‘ಆಮೇಲೆ’ಗೆ ಮೊದಲೇ ಪೆಟ್ಟು ಬಿತ್ತು. ಉದ್ಘಾಟನೆಯ ಸಂಜೆ ಯಾರೋ ಸೊಳ್ಳೆ ಓಡಿಸುವ ಯಂತ್ರ ಹಚ್ಚಿದ್ದರು. ಹಚ್ಚಬಾರದೆಂದು ನಾನು ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ನೋಡಿದರೆ 31 ಹುಳುಗಳು ಮೈ ಕುಗ್ಗಿ, ತಲೆಯನ್ನು ಅತ್ತಿತ್ತ ಆಡಿಸುತ್ತ, ಬಾಯಿಂದ ಹಸಿರು ರಸ ಕಾರುತ್ತಿದ್ದವು. ಬಿಳಿಯ ರೇಷ್ಮೆಯ ಮೇಲೆ ಆ ಹಸಿರು ಕಲೆ ಈಗಲೂ ಇದೆ. ಅದನ್ನು ತೊಳೆಯಲು ನನಗೆ ಮನಸ್ಸಾಗಲಿಲ್ಲ.

ಉಳಿದವುಗಳಲ್ಲಿ ಸುಮಾರು 140 ಪತಂಗಗಳಾದವು. ಸಾವಿರಾರು ವರ್ಷಗಳ ಸಾಕಣೆಯಿಂದ ಈ ಪತಂಗ ಹಾರಲಾರದು; ಅದಕ್ಕೆ ಆಹಾರ ತಿನ್ನುವ ಬಾಯಿಯೂ ಇಲ್ಲ; ಕೂಡಿ, ಮೊಟ್ಟೆಯಿಟ್ಟು, ವಾರದೊಳಗೆ ಸಾಯುತ್ತದೆ. ಅರವತ್ತು ಹೆಣ್ಣುಗಳು ತಲಾ ನಾನೂರರಂತೆ ಇಟ್ಟರೂ 24,000 ಮೊಟ್ಟೆ. ಅಷ್ಟು ಮರಿಗಳಿಗೆ ಹಿಪ್ಪುನೇರಳೆ ಸೊಪ್ಪು ನಗರದಲ್ಲಿ ಎಲ್ಲಿಂದ ತರುವುದು? ರೈತರಿಗೆ ಮರಳಿ ಕೊಡುವಂತೆಯೂ ಇರಲಿಲ್ಲ, ಏಕೆಂದರೆ ರೇಷ್ಮೆಹುಳುಗಳಿಗೆ ಬರುವ ಗಂಟುರೋಗವೆಂಬ ಸೋಂಕು ತಾಯಿಯಿಂದ ಮೊಟ್ಟೆಗೆ ದಾಟುತ್ತದೆ, ಮತ್ತು ಪರೀಕ್ಷೆಯಾಗದ ಮೊಟ್ಟೆ ಹುಳುಮನೆಗೆ ಹೋದರೆ ಬೆಳೆಯೇ ಕೈತಪ್ಪಬಹುದು. ಕೊನೆಗೆ ಮೊಟ್ಟೆಯ ಹಾಳೆಗಳನ್ನೆಲ್ಲ ಹಿತ್ತಲಲ್ಲಿ ಸುಟ್ಟೆ. ಇನ್ನೂರು ಹುಳುಗಳನ್ನು ಉಳಿಸಹೋಗಿ ಇಪ್ಪತ್ತನಾಲ್ಕು ಸಾವಿರ ಜೀವಗಳನ್ನು ಸುಟ್ಟ ಮೇಲೆ ಆ ಫಲಕವನ್ನು ನೋಡಲು ನನಗೇ ನಾಚಿಕೆಯಾಯಿತು.

ಕಲಾವಿದರಾದ ಓರಾನ್ ಕ್ಯಾಟ್ಸ್ ಮತ್ತು ಅಯೊನಾಟ್ ಜರ್ ಅವರು ಜೀವಕೋಶಗಳಿಂದ ಬೆಳೆಸಿದ, ‘ಬಲಿಯಿಲ್ಲದ ಚರ್ಮ’ ಎಂಬ ಅರ್ಥದ ಹೆಸರಿನ ಪುಟ್ಟ ಕೋಟು ನೆನಪಾಯಿತು. 2008ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅದು ಅಂದಾಜು ಮೀರಿ ಬೆಳೆದಾಗ ಕ್ಯುರೇಟರ್ ಪಾವೊಲಾ ಆಂಟೊನೆಲ್ಲಿ ಅದರ ಪೋಷಣೆಯನ್ನು ನಿಲ್ಲಿಸಿಬಿಟ್ಟರು. ಅಂಥ ಅಂಗಾಂಶ ಕೃಷಿಗೆ ಬಳಸುವ ಪೋಷಕ ದ್ರವದಲ್ಲಿ ಹುಟ್ಟದ ಕರುವಿನ ರಕ್ತದ ಸೀರಮ್ ಇರುತ್ತದೆ. ಆ ಹೆಸರು ವ್ಯಂಗ್ಯವೆಂದು ಕಲಾವಿದರಿಗೆ ಗೊತ್ತಿತ್ತು. ನನ್ನದು ವ್ಯಂಗ್ಯವಲ್ಲ, ಬರೀ ಜಾಹೀರಾತು.

ಮುಂದಿನ ಪ್ರದರ್ಶನಕ್ಕೆ 50 ಹುಳುಗಳನ್ನಷ್ಟೇ ತಂದೆ. ಹಾಳೆಯ ಮೇಲೆ ಕೋಶ, ಅಂದರೆ ಪತಂಗವಾಗುವ ಮುಂಚಿನ ಹಂತದ ಹುಳು, ಗೂಡಿಲ್ಲದೆ ಬರಿಮೈಯಲ್ಲಿ ಇರುವುದರಿಂದ ಗಂಡು ಹೆಣ್ಣು ಗುರುತಿಸುವುದು ಸುಲಭ: ಹೆಣ್ಣಿನ ಹೊಟ್ಟೆಯ ಕೆಳಭಾಗದಲ್ಲಿ ಗುಣಾಕಾರ ಚಿಹ್ನೆಯಂಥ ಗೆರೆಯಿರುತ್ತದೆ. ಭೂತಗನ್ನಡಿ ಹಿಡಿದು ಒಂದೊಂದನ್ನೂ ನೋಡಿ ಎರಡು ತಟ್ಟೆಗಳಲ್ಲಿ ಬೇರೆಬೇರೆ ಇಟ್ಟೆ. ಫಲಕದಿಂದ ಅಹಿಂಸೆಯನ್ನು ತೆಗೆಸಿ, ತಂದದ್ದೆಷ್ಟು, ಸತ್ತದ್ದೆಷ್ಟು, ಕೂಡಲು ಬಿಟ್ಟಿಲ್ಲ ಎಂಬುದನ್ನಷ್ಟೇ ಬರೆಸಿದೆ. ಕೂಡದಿದ್ದರೂ ಕೆಲವು ಹೆಣ್ಣುಗಳು ಮೊಟ್ಟೆಯಿಟ್ಟವು. ಆ ಮೊಟ್ಟೆಗಳು ಕಪ್ಪಾಗಲಿಲ್ಲ, ಹಳದಿಯಾಗಿಯೇ ಉಳಿದು ಕುಸಿದವು.