ಲೇಬಲ್ ನೋಡಿ ಕಾಲ ಹೇಳುವುದು: ಹಳೆಯ ಸೋಲ್ ರೆಕಾರ್ಡುಗಳ ಜೊತೆ ನನ್ನ ಅನುಭವ

ಡೆಟ್ರಾಯ್ಟ್ ನಗರದ ಹೊರವಲಯಕ್ಕೆ ಬಂದು ನೆಲೆಸಿದ ಮೊದಲ ವರ್ಷಗಳಲ್ಲಿ, ಮನೆಯ ಮಾಲೀಕರು ತೀರಿಕೊಂಡ ಮೇಲೆ ಅವರ ಸಾಮಾನುಗಳನ್ನೆಲ್ಲ ಮಾರುವ ಒಂದು ಎಸ್ಟೇಟ್ ಸೇಲ್‌ನಲ್ಲಿ ನಾನು, ಆಫ್ರಿಕನ್–ಅಮೆರಿಕನ್ನರ ಸೋಲ್ ಸಂಗೀತದ ಗಾಯಕಿ ಅರೀಥಾ ಫ್ರಾಂಕ್ಲಿನ್ ಅವರ ‘ಐ ನೆವರ್ ಲವ್ಡ್ ಎ ಮ್ಯಾನ್ ದ ವೇ ಐ ಲವ್ ಯೂ’ ಎಂಬ ಎಲ್‌ಪಿಯನ್ನು (ಹಲವು ಹಾಡುಗಳಿರುವ ದೊಡ್ಡ ತಟ್ಟೆಯನ್ನು) ಕೊಂಡೆ. ಅಟ್ಲಾಂಟಿಕ್ ಕಂಪನಿ ಅದನ್ನು ಹೊರತಂದದ್ದು 1967ರಲ್ಲಿ. ಆದ್ದರಿಂದ ನನ್ನ ಕೈಯಲ್ಲಿರುವುದೂ 1967ರದೇ ಎಂದು ನಂಬಿ, ಬಂದವರಿಗೆಲ್ಲ ಮೊದಲ ಅಚ್ಚು ಎಂದು ತೋರಿಸಿಕೊಂಡಿದ್ದೆ. ಎರಡು ವರ್ಷದ ನಂತರ ಹಳೆಯ ಸಾಮಾನಿನ ಸಂತೆಯೊಂದರಲ್ಲಿ, ಮೂಲೆ ನಜ್ಜುಗುಜ್ಜಾದ ಕವರಿನೊಳಗೆ ಅದೇ ಎಲ್‌ಪಿ, ಕಂಪನಿ ಕೊಟ್ಟ ಅದೇ ಎಸ್‌ಡಿ 8139 ಎಂಬ ಕ್ರಮಸಂಖ್ಯೆಯೊಡನೆ, ಒಂದು ಡಾಲರಿಗೆ ಸಿಕ್ಕಿತು. ಮನೆಗೆ ತಂದು ಎರಡನ್ನೂ ಪಕ್ಕಪಕ್ಕ ಇಟ್ಟಾಗ ಲೇಬಲ್‌ಗಳು, ಅಂದರೆ ತಟ್ಟೆಯ ನಡುವಿನ ದುಂಡು ಕಾಗದಗಳು, ಬೇರೆಬೇರೆಯಾಗಿದ್ದವು. ನನ್ನ ಹೆಮ್ಮೆಯ ಪ್ರತಿಯದು ಮೇಲೆ ಹಸಿರು, ಕೆಳಗೆ ಕೆಂಪು. ಸಂತೆಯಲ್ಲಿ ಸಿಕ್ಕಿದ್ದು ಮೇಲೆ ಹಸಿರು, ಕೆಳಗೆ ನೀಲಿ. ಎರಡರಲ್ಲಿ ಹಳೆಯದು ಒಂದು ಡಾಲರಿನದು.

ಕನ್ನಡ ಪುಸ್ತಕವಾದರೆ ಮುಖಪುಟ ತಿರುಗಿಸಿದೊಡನೆ ಮೊದಲ ಮುದ್ರಣ ಯಾವಾಗ, ಎರಡನೆಯದು ಯಾವಾಗ, ಎಷ್ಟು ಪ್ರತಿ ಎಂಬುದೆಲ್ಲ ಕಾಣುತ್ತದೆ. ರೆಕಾರ್ಡಿನಲ್ಲಿ ಆ ಪುಟವೇ ಇಲ್ಲ. ಎಲ್ಲಿಯಾದರೂ ಇಸವಿ ಇದ್ದರೂ ಅದು ಸಾಮಾನ್ಯವಾಗಿ ಹಾಡು ಮೊದಲು ಹೊರಬಂದ ಇಸವಿಯೇ ಹೊರತು ಕೈಯಲ್ಲಿರುವ ತಟ್ಟೆಯನ್ನು ಒತ್ತಿದ ಇಸವಿಯಲ್ಲ. ಹೀಗಾಗಿ, ಕಾಲ ನಮೂದಾಗದ ಶಾಸನದ ಕಾಲವನ್ನು ಅಕ್ಷರದ ಆಕಾರದಿಂದ ಊಹಿಸುವವರಂತೆ, ನಾವು ಲೇಬಲ್‌ನ ಬಣ್ಣ, ಲಾಂಛನ ಮತ್ತು ಅಂಚಿನ ಸಣ್ಣಕ್ಷರಗಳಿಂದ ಕಾಲವನ್ನು ತೆಗೆಯಬೇಕಾಗುತ್ತದೆ.

ನಾನು ಕಲಿತದ್ದು ಅಟ್ಲಾಂಟಿಕ್ ಎಲ್‌ಪಿಗಳಿಂದ. 1950ರ ದಶಕದ ಮಾನೋ (ಒಂದೇ ಧ್ವನಿವಾಹಿನಿಯ) ಎಲ್‌ಪಿಗಳಿಗೆ ಕಪ್ಪು ಲೇಬಲ್ ಇತ್ತು. 1960ರಿಂದ ಮಾನೋ ತಟ್ಟೆಗಳಿಗೆ ಕೆಂಪು ಮತ್ತು ನೇರಳೆ, ಸ್ಟೀರಿಯೋ (ಎರಡು ಧ್ವನಿವಾಹಿನಿಯ) ತಟ್ಟೆಗಳಿಗೆ ಹಸಿರು ಮತ್ತು ನೀಲಿ ಎಂಬ ಇಬ್ಬಣ್ಣದ ಲೇಬಲ್‌ಗಳು ಬಂದವು. ಇವುಗಳ ನಡುವಿನ ಪಟ್ಟಿಯಲ್ಲಿ ಬೀಸಣಿಗೆಯಂಥ ಒಂದು ಚಿತ್ರವಿದೆ. ಸಂಗ್ರಾಹಕರು ಅದನ್ನು ಫ್ಯಾನ್ ಎಂದೇ ಕರೆಯುತ್ತಾರೆ. ಅದು ಮೊದಲು ಬಿಳಿಯಾಗಿತ್ತು, 1962ರ ಹೊತ್ತಿಗೆ ಕಪ್ಪಾಯಿತು. ರೇ ಚಾರ್ಲ್ಸ್ ಅವರ ‘ವಾಟ್ಡ್ ಐ ಸೇ’ 1959ರ ಎಲ್‌ಪಿ. ಅದರ ಮಾನೋ ಪ್ರತಿಯಲ್ಲಿ ಕಪ್ಪು ಲೇಬಲ್ ಇದ್ದರೆ ಮೊದಲ ಅಚ್ಚೆಂದು ಆಸೆ ಇಟ್ಟುಕೊಳ್ಳಬಹುದು. ಕೆಂಪು–ನೇರಳೆಯಾಗಿದ್ದು ಬಿಳಿ ಫ್ಯಾನ್ ಇದ್ದರೆ ಒಂದೆರಡು ವರ್ಷ ಈಚಿನದು, ಕಪ್ಪು ಫ್ಯಾನ್ ಇದ್ದರೆ ಇನ್ನೂ ಈಚಿನದು. 1960ರ ದಶಕದ ಕೊನೆಯಲ್ಲಿ ಹಸಿರು–ಕೆಂಪು ಲೇಬಲ್ ಬಂತು. ಅದರ ಕೆಳ ಅಂಚಿನಲ್ಲಿ ಕಂಪನಿಯ ವಿಳಾಸವಿದೆ: ಮೊದಲಿಗೆ ನ್ಯೂಯಾರ್ಕಿನ 1841 ಬ್ರಾಡ್‌ವೇ, 1970ರ ದಶಕದ ನಡುವಿನಿಂದ 75 ರಾಕ್‌ಫೆಲ್ಲರ್ ಪ್ಲಾಜಾ. ಬಣ್ಣ ಬದಲಾಗದೆ ಅಂಚಿನ ವಿಳಾಸ ಬದಲಾಗಿರುವುದರಿಂದ, ಬರಿಗಣ್ಣಿಗೆ ಒಂದೇ ರೀತಿ ಕಾಣುವ ಎರಡು ತಟ್ಟೆಗಳ ನಡುವೆ ಐದಾರು ವರ್ಷಗಳ ಅಂತರ ಇರಬಹುದು. ಹತ್ತು ಪಟ್ಟು ಹಿಗ್ಗಿಸುವ ಮಸೂರವೊಂದನ್ನು ನಾನು ಕಿಸೆಯಲ್ಲಿ ಇಟ್ಟುಕೊಳ್ಳತೊಡಗಿದ್ದು ಈ ವಿಳಾಸಗಳಿಗಾಗಿ.

ಮೆಂಫಿಸ್‌ನ ಸ್ಟ್ಯಾಕ್ಸ್ ಕಂಪನಿಯ ವಿಷಯದಲ್ಲಿ ಮಸೂರ ಬೇಕಿಲ್ಲ. 1968ರಲ್ಲಿ ಅಟ್ಲಾಂಟಿಕ್ ಜೊತೆಗಿನ ವಿತರಣೆಯ ಒಪ್ಪಂದ ಮುರಿದುಬಿದ್ದಾಗ, ಅಲ್ಲಿಯವರೆಗೆ ಅಟ್ಲಾಂಟಿಕ್ ವಿತರಿಸಿದ್ದ ಧ್ವನಿಮುದ್ರಣಗಳೆಲ್ಲ ಅಟ್ಲಾಂಟಿಕ್ ಪಾಲಿಗೇ ಉಳಿದವು. ತಟ್ಟೆಗಳ ಅಟ್ಟಿಯ ಚಿತ್ರವಿದ್ದ ತಿಳಿನೀಲಿ ಲೇಬಲ್ ಹೋಗಿ, ಚಿಟಿಕೆ ಹಾಕುವ ಬೆರಳುಗಳ ಚಿತ್ರವಿರುವ ಹಳದಿ ಲೇಬಲ್ ಬಂತು; ಸಿಂಗಲ್‌ಗಳ (ಮಗ್ಗುಲಿಗೆ ಒಂದೇ ಹಾಡಿರುವ ಸಣ್ಣ ತಟ್ಟೆಗಳ) ಕ್ರಮಸಂಖ್ಯೆಯೂ 0001ರಿಂದ ಹೊಸದಾಗಿ ಆರಂಭವಾಯಿತು. ವೋಲ್ಟ್ ಎಂಬ ಸ್ಟ್ಯಾಕ್ಸ್‌ನದೇ ಇನ್ನೊಂದು ಬ್ರಾಂಡಿಗೆ ಹಾಡಿದ್ದ ಓಟಿಸ್ ರೆಡ್ಡಿಂಗ್ ತೀರಿಕೊಂಡ ಮೇಲೆ ಬಂದ ‘ದಿ ಇಮ್ಮಾರ್ಟಲ್ ಓಟಿಸ್ ರೆಡ್ಡಿಂಗ್’ ಎಲ್‌ಪಿ ಅಟ್ಲಾಂಟಿಕ್‌ನ ಅಟ್ಕೊ ಬ್ರಾಂಡಿನಲ್ಲಿ ಇರುವುದು ಈ ಕಾರಣದಿಂದಲೇ. ಒಂದು ವ್ಯಾಪಾರದ ಜಗಳ ಇಷ್ಟು ಸ್ಪಷ್ಟವಾಗಿ ಬಣ್ಣದಲ್ಲಿ ಕಾಣಿಸುವುದು ಅಪರೂಪ.

ಇನ್ನು ನಮ್ಮೂರಿನ ರೆಕಾರ್ಡ್ ಕಂಪನಿ ಮೋಟೌನ್. ನಮ್ಮೂರು ಎಂದೆನೆ? ಇಷ್ಟು ವರ್ಷಗಳಾದ ಮೇಲೆ ಹಾಗೆನ್ನುವ ಸಲುಗೆ ಇದೆ ಎಂದುಕೊಳ್ಳುತ್ತೇನೆ. ಮೋಟೌನ್ ಹೆಸರಿನ ನೀಲಿ ಲೇಬಲ್‌ನಲ್ಲಿ ಈ ಪ್ರದೇಶದ ನಕ್ಷೆಯೂ ಡೆಟ್ರಾಯ್ಟ್ ಇರುವಲ್ಲಿ ಒಂದು ಕೆಂಪು ನಕ್ಷತ್ರವೂ ಇವೆ. ವಿಳಾಸ ಅಚ್ಚಾಗಿರುವ ಪ್ರತಿಗಳಲ್ಲಿ 2648 ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್ ಎಂದಿದ್ದರೆ ಅದು ಹಳೆಯ ಲೇಬಲ್. 2457 ವುಡ್‌ವರ್ಡ್ ಅವೆನ್ಯೂ ಎಂದಿದ್ದರೆ 1968ರಿಂದ ಈಚೆಗಿನದು. ಹಾಲಿವುಡ್‌ನ ಸನ್‌ಸೆಟ್ ಬುಲೆವಾರ್ಡ್ ಎಂದಿದ್ದರೆ 1972ರಲ್ಲಿ ಕಂಪನಿ ಲಾಸ್ ಏಂಜಲಿಸ್‌ಗೆ ಹೋದ ಮೇಲಿನದು. ಕಂಪನಿ ಊರು ಬಿಟ್ಟ ಮೇಲೂ ನಕ್ಷೆಯಲ್ಲಿ ನಕ್ಷತ್ರ ಡೆಟ್ರಾಯ್ಟ್‌ನಲ್ಲೇ ಉಳಿದದ್ದು ನನಗೆ ಪ್ರತಿ ಸಲವೂ ವಿಚಿತ್ರವಾಗಿ ಕಾಣುತ್ತದೆ.

ಆದರೆ ಲೇಬಲ್ ಹೇಳುವುದು ಅರ್ಧ ಮಾತು. ಇಂಥ ವಿನ್ಯಾಸ ಬರುವುದಕ್ಕಿಂತ ಮೊದಲು ಈ ತಟ್ಟೆ ಹುಟ್ಟಿರಲಾರದು ಎಂದಷ್ಟೇ ಅದು ಹೇಳಬಲ್ಲದು. ಎಷ್ಟು ಈಚಿನದು ಎಂದು ಹೇಳಲಾರದು. ಕಾರ್ಖಾನೆಗಳು ಅಚ್ಚು ಹಾಕಿಸಿಟ್ಟ ಹಳೆಯ ಲೇಬಲ್‌ಗಳನ್ನು ಎಸೆಯುತ್ತಿರಲಿಲ್ಲ, ಮುಗಿಯುವವರೆಗೂ ಬಳಸುತ್ತಿದ್ದವು. ನನ್ನಲ್ಲಿರುವ ಒಂದು ಅಟ್ಲಾಂಟಿಕ್ ಎಲ್‌ಪಿಯ ಒಂದು ಮಗ್ಗುಲಲ್ಲಿ ಹಸಿರು–ನೀಲಿ, ಇನ್ನೊಂದು ಮಗ್ಗುಲಲ್ಲಿ ಹಸಿರು–ಕೆಂಪು ಲೇಬಲ್ ಇದೆ. ಅದರ ಕಾಲ ಕೆಂಪು ಮಗ್ಗುಲಿನದು, ಏಕೆಂದರೆ ಎರಡರಲ್ಲಿ ಹೊಸದೇ ಪ್ರಮಾಣ.

ಮೇಲಿನ ಗಡಿಗೆ ಬೇರೆ ಸಾಕ್ಷಿ ಬೇಕು. ಅದು ನನಗೆ ದೊರೆತದ್ದು ತಟ್ಟೆಯ ಗೀರುಗಳು ಮುಗಿದು ಲೇಬಲ್ ಆರಂಭವಾಗುವ ನಡುವಿನ ನುಣುಪು ಜಾಗದಲ್ಲಿ. ತಟ್ಟೆಯನ್ನು ದೀಪಕ್ಕೆ ಓರೆಯಾಗಿ ಹಿಡಿದರೆ ಅಲ್ಲಿ ಕಾರ್ಖಾನೆಯ ಗುರುತು ಹೊಳೆಯುತ್ತದೆ. ಮೋಟೌನ್‌ನ ಅನೇಕ ಸಿಂಗಲ್‌ಗಳನ್ನು ಒತ್ತಿದ್ದು ಇದೇ ಮಿಶಿಗನ್ ರಾಜ್ಯದ ಒವಾಸೊ ಪಟ್ಟಣದ ಅಮೆರಿಕನ್ ರೆಕಾರ್ಡ್ ಪ್ರೆಸ್ಸಿಂಗ್ ಕಂಪನಿ. ಎ, ಆರ್, ಪಿ ಅಕ್ಷರಗಳನ್ನು ಕೂಡಿಸಿದ ಅದರ ಪುಟ್ಟ ಗುರುತನ್ನು ಒಮ್ಮೆ ಕಂಡರೆ ಮರೆಯುವುದಿಲ್ಲ. ಆ ಕಾರ್ಖಾನೆ 1972ರಲ್ಲಿ ಬೆಂಕಿಗೆ ಆಹುತಿಯಾಯಿತು. ಹಾಗಾಗಿ ವುಡ್‌ವರ್ಡ್ ಅವೆನ್ಯೂ ವಿಳಾಸ ಮತ್ತು ಈ ಗುರುತು ಎರಡೂ ಇರುವ ಸಿಂಗಲ್ ಒಂದು ಸಿಕ್ಕರೆ, 1968 ಮತ್ತು 1972ರ ನಡುವೆ ಅದನ್ನು ನಿಲ್ಲಿಸಬಹುದು. ಕವರ್ ಅನ್ನು ಮಾತ್ರ ನಾನು ಸಾಕ್ಷಿಯಾಗಿ ಪರಿಗಣಿಸುವುದಿಲ್ಲ. ಐವತ್ತು ವರ್ಷಗಳ ಮನೆವಾರ್ತೆಯಲ್ಲಿ ತಟ್ಟೆಗಳು ಕವರ್ ಬದಲಿಸಿಕೊಳ್ಳುವುದು ಬಹಳ ಸಾಮಾನ್ಯ.

ಈಗ ಪ್ರತಿ ರೆಕಾರ್ಡಿನ ಜೊತೆ ಒಂದು ಕಾಗದದ ಚೀಟಿ ಇಡುತ್ತೇನೆ. ಮೊದಲು ಲೇಬಲ್‌ನ ಬಣ್ಣ ಮತ್ತು ವಿಳಾಸ, ಆಮೇಲೆ ನುಣುಪು ಜಾಗದ ಗುರುತುಗಳನ್ನು ಕಂಡಂತೆ ನಕಲು ಮಾಡಿಕೊಂಡು, ಕೊನೆಯಲ್ಲಿ ಒಂದೇ ಇಸವಿಯ ಬದಲು ಎರಡು ಇಸವಿಗಳನ್ನು ಬರೆಯುತ್ತೇನೆ. ಎಸ್ಟೇಟ್ ಸೇಲ್‌ನ ಅರೀಥಾ ಪ್ರತಿಯ ಅಂಚಿನಲ್ಲಿ 1841 ಬ್ರಾಡ್‌ವೇ ಎಂದಿರುವುದರಿಂದ ಅದರ ಚೀಟಿಯಲ್ಲಿ 1960ರ ದಶಕದ ಕೊನೆಯಿಂದ, ಬಹುಶಃ 1970ರ ದಶಕದ ನಡುವಿನವರೆಗೆ ಎಂದಿದೆ. ಕೇಳುವುದಕ್ಕೆ ಹೆಚ್ಚಾಗಿ ಹಾಕುವುದು ಅದನ್ನೇ, ಏಕೆಂದರೆ ಒಂದು ಡಾಲರಿನ ಮೊದಲ ಅಚ್ಚು ಸಿಕ್ಕಾಪಟ್ಟೆ ಚಟಪಟ ಎನ್ನುತ್ತದೆ.