ಸೆಕೆಗೆ ಮಲಗಿ ಚಳಿಗೆ ಏಳುವ ರೂಮು: ಬೆಂಗಳೂರಿನ ಮನೆಯಲ್ಲಿ ನಿದ್ದೆಗೆ ತಕ್ಕ ಹವೆ

ಏಪ್ರಿಲ್‌ನಲ್ಲೂ ಬೆಂಗಳೂರಿನಲ್ಲಿ ಬೆಳಗಿನ ಜಾವಕ್ಕೆ ಹೊರಗಡೆ 22–23 ಡಿಗ್ರಿಗೆ ಇಳಿದಿರುತ್ತದೆ. ಅದೇ ಹೊತ್ತಿನಲ್ಲಿ ಟೆರೇಸ್ ಕೆಳಗಿನ ಬೆಡ್‌ರೂಮಿನಲ್ಲಿ 29–30 ಇರುವುದುಂಟು. ಹಾಗಾಗಿ ಎಸಿ ಕೊಳ್ಳುವ ಮುಂಚೆ ಈ ಬಿಸಿ ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡಿ.

ನಿದ್ದೆ ಹತ್ತಬೇಕಾದರೆ ದೇಹದ ಒಳಗಿನ ಉಷ್ಣತೆ ಸ್ವಲ್ಪ ಇಳಿಯಬೇಕು. ರಾತ್ರಿಯಿಡೀ ಅದು ಸುಮಾರು ಒಂದು ಡಿಗ್ರಿಯಷ್ಟು ಇಳಿಯುತ್ತಾ ಹೋಗಿ ಬೆಳಗಿನ ಜಾವ ನಾಲ್ಕೈದರ ಹೊತ್ತಿಗೆ ತಳ ಮುಟ್ಟುತ್ತದೆ. ಮಲಗುವಾಗ ಸೆಕೆಯಿದ್ದರೆ ನಿದ್ದೆ ಹತ್ತುವುದಿಲ್ಲ. ಹನ್ನೊಂದು ಗಂಟೆಗೆ ಹಿತವಾಗಿದ್ದ ಗಾಳಿಯೇ ನಾಲ್ಕು ಗಂಟೆಗೆ ನಡುಕ ಹುಟ್ಟಿಸಿ ಎಬ್ಬಿಸುತ್ತದೆ. ರಾತ್ರಿಯ ಮೊದಲರ್ಧಕ್ಕೆ ಒಂದು ಹವೆ, ಎರಡನೇ ಅರ್ಧಕ್ಕೆ ಇನ್ನೊಂದು. ಒಂದೇ ಸೆಟ್ಟಿಂಗ್‌ನಲ್ಲಿ ಬೆಳಗಾಗಿಸಲು ಹೊರಟರೆ ಯಾವುದೋ ಒಂದು ಕಡೆ ಕೆಡುತ್ತದೆ.

ರಾತ್ರಿ ಹತ್ತಕ್ಕೆ ಫ್ಯಾನ್ ಆಫ್ ಮಾಡಿ, ಸ್ಟೂಲ್ ಹತ್ತಿ ಅಂಗೈಯನ್ನು ಸೀಲಿಂಗ್‌ಗೆ ಒತ್ತಿ ನೋಡಿ. ಒಳಗೋಡೆಗಿಂತ ಅದು ಬೆಚ್ಚಗಿದ್ದರೆ ತಪ್ಪು ಮೋಲ್ಡಿನದು, ಅಂದರೆ ಕಾಂಕ್ರೀಟ್ ಚಾವಣಿಯದು. ಐದಿಂಚಿನ ಕಾಂಕ್ರೀಟು ಮಧ್ಯಾಹ್ನ ಹೀರಿದ ಬಿಸಿ ಒಳಮೈಗೆ ತಲುಪಲು ಕೆಲವು ಗಂಟೆ ಹಿಡಿಯುತ್ತದೆ, ಸರಿಯಾಗಿ ನೀವು ಮಲಗುವ ಹೊತ್ತಿಗೆ ಬಂದು ಮುಟ್ಟುತ್ತದೆ. ಫ್ಯಾನು ಬಿಸಿಗಾಳಿ ಎಸೆಯುತ್ತದೆ ಅನ್ನುವುದು ಇದಕ್ಕೇ: ಸೀಲಿಂಗ್ ಬಳಿ ನಿಂತ ಬಿಸಿಯನ್ನೇ ಅದು ಕೆಳಕ್ಕೆ ತಳ್ಳುತ್ತಿರುತ್ತದೆ. ಪಶ್ಚಿಮದ ಗೋಡೆ ಬೆಚ್ಚಗಿದ್ದರೆ ಅಲ್ಲಿಗೆ ನೆರಳು ಬೇಕು. ಅದೂ ಹೊರಗಡೆಯಿಂದ, ಶೇಡ್ ನೆಟ್ಟೋ ಬಿದಿರಿನ ತಟ್ಟಿಯೋ. ಒಳಗಿನ ಪರದೆ ತಡೆಯುವಷ್ಟರಲ್ಲಿ ಬಿಸಿಲು ಗಾಜು ದಾಟಿ ಬಂದಾಗಿರುತ್ತದೆ.

ಮೋಲ್ಡಿಗೆ ಅಗ್ಗದ ಮದ್ದು ಸುಣ್ಣ. ಫೆಬ್ರವರಿ ಕೊನೆಯೊಳಗೆ ಟೆರೇಸ್ ಗುಡಿಸಿ, ಬ್ರಷ್ ಹಾಕಿ ತೊಳೆದು, ಬಿರುಕುಗಳನ್ನು ಮುಚ್ಚಿ. ಸುಣ್ಣವನ್ನು ಹಿಂದಿನ ದಿನವೇ ನೆನೆಹಾಕಿ ಸೋಸಿ, ಕಾಲಿಗೆ ಮೆತ್ತದಂತೆ ಸ್ವಲ್ಪ ಅಂಟು ಬೆರೆಸಿ. ಎರಡು ಕೋಟ್ ಹೊಡೆಯಿರಿ, ಎರಡನೆಯದನ್ನು ಮೊದಲನೆಯದಕ್ಕೆ ಅಡ್ಡಲಾಗಿ. ಹೊಡೆಯುವುದು ಸಂಜೆಯೇ ಆಗಬೇಕು, ಅದೂ ನೆಲಕ್ಕೆ ನೀರು ಚಿಮುಕಿಸಿಕೊಂಡು. ಕಾದ ನೆಲಕ್ಕೆ ಹೊಡೆದರೆ ನೀರು ತಕ್ಷಣ ಆರಿಹೋಗಿ, ಸುಣ್ಣ ಹಿಡಿಯದೆ ವಾರದೊಳಗೆ ಪುಡಿಪುಡಿಯಾಗುತ್ತದೆ. ಮಳೆಗಾಲ ಕಳೆಯುವಷ್ಟರಲ್ಲಿ ಮಾಸಿಹೋಗುವುದರಿಂದ ಪ್ರತಿ ವರ್ಷ ಮಾಡಬೇಕು. ಕೂಲ್ ರೂಫ್ ಪೇಂಟ್ ಹೆಚ್ಚು ಬಾಳುತ್ತದೆ, ಆದರೆ ಧೂಳು ಕೂತರೆ ಅದೂ ದಂಡ, ತಿಂಗಳಿಗೊಮ್ಮೆ ಗುಡಿಸಿ. ಟ್ಯಾಂಕರ್ ನೀರು ತರಿಸಿ ದಿನಾ ಟೆರೇಸ್ ನೆನೆಸುವ ಉಪಾಯ ಮಾತ್ರ ಈ ಊರಿಗೆ ಬೇಡ.

ಬಾಡಿಗೆ ಮನೆಯವರು ಓನರ್ ಒಪ್ಪುವತನಕ ಗಾಳಿಯನ್ನೇ ನಂಬಬೇಕು. ಬೆಳಗ್ಗೆ ಒಂಬತ್ತರಿಂದ ಕಿಟಕಿ ಮುಚ್ಚಿಡಿ. ಸಂಜೆ ಸೊಳ್ಳೆ ನುಗ್ಗುವ ಹೊತ್ತು ದಾಟಿ, ಹೊರಗಿನ ಗಾಳಿ ಒಳಗಿಗಿಂತ ತಣ್ಣಗಾದ ಮೇಲೆ ತೆರೆಯಿರಿ. ಅಕ್ಕಪಕ್ಕದ ಗೋಡೆಗೆ ಅಂಟಿಕೊಂಡ 30x40 ಸೈಟಿನ ಮನೆಗಳಲ್ಲಿ ಎದುರುಬದುರು ಕಿಟಕಿ ಇರುವುದು ಅಪರೂಪ. ಅಂಥ ಕಡೆ ಒಂದು ಟೇಬಲ್ ಫ್ಯಾನನ್ನು ಬೆಡ್‌ರೂಮಿನ ಕಿಟಕಿಯಲ್ಲಿ ಹೊರಮುಖವಾಗಿಟ್ಟು, ಹಾಲಿನ ಕಿಟಕಿಯನ್ನೋ ಬಾಲ್ಕನಿ ಬಾಗಿಲನ್ನೋ ತೆರೆದು, ಒಂದು ಗಂಟೆ ಓಡಿಸಿ. ಒಳಗಿನ ಬಿಸಿ ಆಚೆ ಹೋದಂತೆ ತಂಪು ತಾನಾಗಿ ಬರುತ್ತದೆ. ಸೊಳ್ಳೆ ಜಾಲರಿಯಲ್ಲಿ ಧೂಳು ಕಟ್ಟಿದ್ದರೆ ಈ ಶ್ರಮ ಅರ್ಧ ವ್ಯರ್ಥ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಐದರಲ್ಲಿಟ್ಟರೂ ಫ್ಯಾನ್ ಮೆಲ್ಲಗೆ ತಿರುಗುತ್ತಿದ್ದರೆ ಅನೇಕ ಸಲ ಕಾರಣ ಕೆಪಾಸಿಟರ್, ಮೋಟಾರು ತಿರುಗಲು ನೆರವಾಗುವ ಪುಟ್ಟ ಬಿಡಿಭಾಗ. ಮೆಯಿನ್ ಆಫ್ ಮಾಡಿ, ಹಳೆಯದರ ಮೇಲೆ ಬರೆದಿರುವುದನ್ನು ನೋಡಿ, ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್ ಇರುತ್ತದೆ, ಅಷ್ಟರದ್ದೇ ಹಾಕಿಸಿ. ಜೋರಾಗಲಿ ಎಂದು ದೊಡ್ಡದು ಹಾಕಿದರೆ ಕಾಯಿಲ್ ಕಾಯುತ್ತದೆ. ಹೊಸ ಫ್ಯಾನ್ ಕೊಳ್ಳುವವರು ರಿಮೋಟ್ ಇರುವ ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನುವ, ಬ್ರಷ್ ಇಲ್ಲದ ಡಿಸಿ ಮೋಟಾರಿನದು) ನೋಡಿ. ಸುಮಾರು 30 ವ್ಯಾಟ್ ಸಾಕು, ಹಳೆಯದು 75ರ ಆಸುಪಾಸು ತಿನ್ನುತ್ತದೆ. ಟೈಮರ್ ಇದ್ದರೆ ಬೆಳಗಿನ ಜಾವದ ಚಳಿಗೆ ಎದ್ದು ಆಫ್ ಮಾಡುವ ಕೆಲಸವೂ ತಪ್ಪುತ್ತದೆ.

ಎಸಿ ಇದ್ದವರು 18ಕ್ಕೆ ಇಳಿಸಿ ರಗ್ಗು ಹೊದೆಯುವುದನ್ನು ಬಿಡಿ. 25–26ಕ್ಕಿಟ್ಟು ಫ್ಯಾನನ್ನು ಒಂದೋ ಎರಡೋ ನಂಬರಿಗೆ ಹಾಕಿದರೆ ಹೆಚ್ಚಿನವರಿಗೆ ಸಾಕು. ಮೇಲಿನ ಮಹಡಿಯವರು ಮೂರು ಗಂಟೆಗೆ ಆಫ್ ಟೈಮರ್ ಇಡಬೇಡಿ: ಎಸಿ ನಿಂತ ಕೂಡಲೇ ಮೋಲ್ಡಿನಲ್ಲಿ ಉಳಿದ ಬಿಸಿ ಮುಚ್ಚಿದ ರೂಮಿಗೆ ಇಳಿದು ಬೆವರಿಸಿ ಎಬ್ಬಿಸುತ್ತದೆ. ಅವರಿಗೆ ಸ್ಲೀಪ್ ಮೋಡ್ ಸರಿ, ಡಿಗ್ರಿಯನ್ನು ಅದೇ ಮೆಲ್ಲಗೆ ಏರಿಸುತ್ತದೆ. ಕೆಳಗಿನ ಮನೆಗಳಿಗೆ ಟೈಮರ್ ನಡೆಯುತ್ತದೆ. 10x12 ಅಡಿಯ ರೂಮಿಗೆ ಒಂದು ಟನ್ ಸಾಕು. ದೊಡ್ಡದು ಹಾಕಿಸಿದರೆ ಬೇಗ ತಣ್ಣಗಾಗಿ ಕಂಪ್ರೆಸರ್ ನಿಲ್ಲುತ್ತದೆ, ತೇವ ಉಳಿದು ಹಾಸಿಗೆ ಜಿಗುಟುಜಿಗುಟು ಅನ್ನಿಸುತ್ತದೆ. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ, ಇದ್ದದ್ದನ್ನೇ ಸುತ್ತಿಸುತ್ತದೆ. ಮೂರು ಜನ ಬಾಗಿಲು ಜಡಿದು ಮಲಗಿದರೆ ಬೆಳಗ್ಗೆ ತಲೆಭಾರ. ಬಾಗಿಲ ಕೆಳಗೆ ಒಂದು ಬೆರಳಷ್ಟು ಸಂದು ಇರಲಿ. ಫಿಲ್ಟರನ್ನು ಎರಡು ವಾರಕ್ಕೊಮ್ಮೆ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ.

ಕೂಲರ್ ಮಾರ್ಚ್–ಏಪ್ರಿಲ್‌ನ ಒಣಹವೆಗೆ ಸರಿ, ಕಿಟಕಿ ತೆರೆದಿದ್ದರೆ ಮಾತ್ರ. ಮಳೆ ಶುರುವಾದ ಮೇಲೆ ಮೂಲೆಗಿಡಿ.

ಡಿಸೆಂಬರ್–ಜನವರಿಯಲ್ಲಿ ರಾತ್ರಿ 15–16 ಡಿಗ್ರಿ. ಇಷ್ಟಕ್ಕೆ ಹೀಟರ್ ಬೇಕಾಗುವುದು ತೀರಾ ವಯಸ್ಸಾದವರಿಗೆ, ಕಾಯಿಲೆಯವರಿಗೆ. ಉಳಿದವರು ಮಲಗುವ ಒಂದು ಗಂಟೆ ಮುಂಚೆ ಬಿಸಿನೀರು ಸ್ನಾನ ಮಾಡಿ, ಕಾಲುಚೀಲ ಹಾಕಿಕೊಳ್ಳಿ. ಕೈಕಾಲು ಬೆಚ್ಚಗಾದರೆ ಅಲ್ಲಿ ರಕ್ತ ಚೆನ್ನಾಗಿ ಹರಿದು ಒಳಗಿನ ಬಿಸಿ ಹೊರಹೋಗುತ್ತದೆ, ನಿದ್ದೆ ಬೇಗ ಹತ್ತುತ್ತದೆ. ಒಂದೇ ದಪ್ಪ ರಜಾಯಿಗಿಂತ ತೆಳು ಹೊದಿಕೆ ಎರಡು ಮೇಲು. ನಾಲ್ಕು ಗಂಟೆಗೆ ಕಣ್ಣು ತೆರೆಯದೆ ಎರಡನೆಯದನ್ನು ಎಳೆದುಕೊಳ್ಳಬಹುದು. ಹೀಟರ್ ಹಾಕಲೇಬೇಕೆಂದರೆ ಥರ್ಮೋಸ್ಟಾಟ್ ಇರುವ ಆಯಿಲ್ ಹೀಟರ್ ತನ್ನಿ, 16 ಆಂಪಿಯರ್ ಸಾಕೆಟ್ಟಿಗೆ ನೇರವಾಗಿ ಚುಚ್ಚಿ, ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. 2000 ವ್ಯಾಟಿನದು ಪೂರ್ತಿ ಉರಿದರೆ ಗಂಟೆಗೆ ಎರಡು ಯೂನಿಟ್. ಬಾಣಂತಿ ಕೋಣೆಯಲ್ಲಿ ಸಾಂಬ್ರಾಣಿ ಹಾಕಿದ ಕೆಂಡವನ್ನು ಬೆಚ್ಚಗಿರಲಿ ಎಂದು ರಾತ್ರಿ ಒಳಗೆ ಬಿಡಲೇಬೇಡಿ: ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮುಚ್ಚಿದ ರೂಮಿನಲ್ಲಿ ಮಲಗಿದವರನ್ನು ನಿದ್ದೆಯಲ್ಲೇ ಕೊಲ್ಲುತ್ತದೆ. ಮುಗಿದ ಕೂಡಲೇ ಆಚೆ ಒಯ್ದು ನೀರು ಸುರಿಯಿರಿ.